ಹಾಡಿನ ಪುಟ್ಟ ಕಂಪ್ಯೂಟರಿಗೆ ಕೇಸ್ ಕೊಳ್ಳುವ ಮುಂಚೆ

ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಬೋರ್ಡು ತಂದು, ಅದರ ಮೇಲೊಂದು ಡ್ಯಾಕ್ (ಡಿಜಿಟಲ್ ಹಾಡನ್ನು ಸ್ಪೀಕರಿಗೆ ಬೇಕಾದ ಅನಲಾಗ್ ಸಿಗ್ನಲ್ ಆಗಿಸುವ ಸರ್ಕ್ಯೂಟ್) ಕೂರಿಸಿ, ವೊಲ್ಯೂಮಿಯೊದಂಥ ಹಾಡು ನುಡಿಸುವ ಸಾಫ್ಟ್‌ವೇರ್ ಹಾಕಿದರೆ, ನೆಟ್‌ವರ್ಕಿನಿಂದ ಹಾಡು ತಂದು ನುಡಿಸುವ ಮ್ಯೂಸಿಕ್ ಸ್ಟ್ರೀಮರ್ ಸಿದ್ಧ. ಉಳಿಯುವುದು ಕೇಸ್ ಒಂದೇ. ಅದೇನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ಚೆಂದ ಕಂಡಿತೆಂದು ಅಲ್ಯುಮಿನಿಯಂ ಕೇಸ್ ಒಂದನ್ನು ಎಲ್ಲಕ್ಕಿಂತ ಮೊದಲೇ ತಂದಿಟ್ಟೆ. ಬೋರ್ಡು ಸರಿಯಾಗಿ ಕೂತಿತು. ಡ್ಯಾಕ್ ಹಾಕಿದ ಮೇಲೆ ಮುಚ್ಚಳ ಕೂರಲಿಲ್ಲ. ಅರ ಹಿಡಿದು ಉಜ್ಜಿ ಹೇಗೋ ಕೂರಿಸಿದೆ. ಆಗ ಇನ್ನೊಂದು ತಮಾಷೆ. ಮುಚ್ಚಳ ತೆಗೆದಿದ್ದಾಗ ಸರಾಗವಾಗಿ ಬರುತ್ತಿದ್ದ ಹಾಡು, ಮುಚ್ಚಿದ ಕೂಡಲೇ ತಡವರಿಸತೊಡಗಿತು. ವೈಫೈ ಸಿಗ್ನಲ್ಲನ್ನು ಲೋಹ ಹೊರಗೇ ತಡೆದಿತ್ತು!

ಹಾಗಾಗಿ ಕೇಸ್ ಕೊಳ್ಳುವ ಕೆಲಸ ಕೊನೆಗಿರಲಿ.

1. ಬೋರ್ಡಿನ ಮಾಡೆಲ್ ನೋಡಿ

ಪೈ 3, ಪೈ 4, ಪೈ 5 ಮೂರರ ಅಳತೆಯೂ ಸುಮಾರು 85 × 56 ಮಿ.ಮೀ. ಸ್ಕ್ರೂ ತೂತುಗಳೂ ಅದೇ ಜಾಗದಲ್ಲಿವೆ. ಆದರೆ ಒಂದರ ಕೇಸ್ ಇನ್ನೊಂದಕ್ಕೆ ಆಗದು. 2019ರಲ್ಲಿ ಬಂದ ಪೈ 4ರಲ್ಲಿ ನೆಟ್‌ವರ್ಕ್ ಪೋರ್ಟು, ಯುಎಸ್‌ಬಿ ಪೋರ್ಟುಗಳು ಜಾಗ ಅದಲುಬದಲು ಮಾಡಿಕೊಂಡವು. ದೊಡ್ಡ ಎಚ್‌ಡಿಎಂಐ ಹೋಗಿ ಎರಡು ಚಿಕ್ಕವು ಬಂದವು. 2023ರ ಪೈ 5ರಲ್ಲಿ ನೆಟ್‌ವರ್ಕ್ ಪೋರ್ಟು ಹಳೆಯ ಜಾಗಕ್ಕೆ ವಾಪಸಾಯಿತು, 3.5 ಮಿ.ಮೀ. ಆಡಿಯೊ ಜ್ಯಾಕ್ ಮಾಯವಾಯಿತು. ಕೇಸಿನ ಡಬ್ಬದ ಮೇಲೆ ನಿಮ್ಮ ಮಾಡೆಲ್ಲಿನ ಹೆಸರೇ ಇರಬೇಕು.

2. ಡ್ಯಾಕ್ ಜೊತೆ ಅಳೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ನಿಮ್ಮದು ಹೊರಗಿನಿಂದ ಕೇಬಲ್ಲಿನಲ್ಲಿ ಸಿಕ್ಕಿಸುವ ಯುಎಸ್‌ಬಿ ಡ್ಯಾಕ್ ಆದರೆ ತಲೆನೋವಿಲ್ಲ, ಮಾಮೂಲಿ ಕೇಸ್ ಸಾಕು. ಬೋರ್ಡಿನ 40 ಪಿನ್ನುಗಳ ಮೇಲೆ ಟೋಪಿಯ ಹಾಗೆ ಕೂರುವ ಹ್ಯಾಟ್ ಡ್ಯಾಕ್ ಆದರೆ ಎತ್ತರ ಜಾಸ್ತಿಯಾಗುತ್ತದೆ. ಎರಡನ್ನೂ ಜೋಡಿಸಿ, ಬೋರ್ಡಿನ ತಳದಿಂದ ಮೇಲಿನ ತುದಿಯವರೆಗೆ ಸ್ಕೇಲಿನಲ್ಲಿ ಅಳೆಯಿರಿ. ಕೇಸಿನ ಒಳಗಿನ ಎತ್ತರ ಅದಕ್ಕಿಂತ ಎರಡು ಮೂರು ಮಿ.ಮೀ. ಜಾಸ್ತಿ ಇರಲಿ. ಹೊರಗಿನ ಅಳತೆ ನೋಡಿ ಮೋಸಹೋಗಬೇಡಿ.

ಆಮೇಲೆ ಆರ್‌ಸಿಎ ಜ್ಯಾಕ್, ಅಂದರೆ ಆಂಪ್ಲಿಫೈಯರಿನ ಕೇಬಲ್ ಸಿಕ್ಕಿಸುವ ದುಂಡನೆಯ ಜಾಗ. ಅದು ಯಾವ ಬದಿಗೆ, ಎಷ್ಟು ಎತ್ತರದಲ್ಲಿ ಇದೆ ಅನ್ನುವುದು ಒಂದೊಂದು ಡ್ಯಾಕಿನಲ್ಲಿ ಒಂದೊಂದು ಥರ. ಒಂದು ರಟ್ಟನ್ನು ಬೋರ್ಡಿನ ಬದಿಗೆ ಆನಿಸಿ ಹಿಡಿದು, ಜ್ಯಾಕ್ ಇರುವ ಕಡೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಕತ್ತರಿಸಿ. ಈಗ ಕೇಬಲ್ಲಿನ ಪ್ಲಗ್ಗನ್ನು ಆ ರಟ್ಟಿನ ತೂತಿನೊಳಗಿಂದಲೇ ಸಿಕ್ಕಿಸಿ ನೋಡಿ. ಜ್ಯಾಕಿಗೆ ಸರಿಹೋಗುವ ತೂತು ಪ್ಲಗ್ಗಿನ ದಪ್ಪ ಕುತ್ತಿಗೆಗೆ ಸಾಲದೇ ಹೋಗಬಹುದು. ಪ್ಲಗ್ಗು ಅರ್ಧಕ್ಕೇ ನಿಂತರೆ ಒಂದು ಸ್ಪೀಕರಿನಲ್ಲಿ ಸದ್ದೇ ಬರುವುದಿಲ್ಲ, ನೀವು ಡ್ಯಾಕ್ ಕೆಟ್ಟಿದೆ ಅಂತ ಬೈದುಕೊಳ್ಳುತ್ತೀರಿ.

3. ವೈಫೈಯೋ, ಕೇಬಲ್ಲೋ?

ನೆಟ್‌ವರ್ಕ್ ಕೇಬಲ್ ಹಾಕುವುದಾದರೆ ಲೋಹದ ಕೇಸ್ ಧಾರಾಳವಾಗಿ ತನ್ನಿ. ಗಟ್ಟಿ, ತೂಕವೂ ಇರುತ್ತದೆ, ಕೇಬಲ್ಲಿನ ಎಳೆತಕ್ಕೆ ಜಾರುವುದಿಲ್ಲ. ವೈಫೈ ಆದರೆ ಪ್ಲಾಸ್ಟಿಕ್, ಅಕ್ರಿಲಿಕ್ ಅಥವಾ ಮರ. ಪೈ ಬೋರ್ಡಿನ ಆಂಟೆನಾ ಬೋರ್ಡಿನಲ್ಲೇ ಇರುವುದರಿಂದ ಅದನ್ನು ಹೊರಗೆಳೆಯಲು ಆಗುವುದಿಲ್ಲ. 3ಡಿ ಪ್ರಿಂಟ್ ಕೇಸ್ ಮಾಡಿಸುವವರು ಪಿಎಲ್‌ಎ ಪ್ಲಾಸ್ಟಿಕ್ಕಿನ ಬದಲು ಪಿಇಟಿಜಿ ಪ್ಲಾಸ್ಟಿಕ್ ಕೇಳಿ. ಪಿಎಲ್‌ಎ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಪಿಇಟಿಜಿ ಸುಮಾರು 80 ಡಿಗ್ರಿವರೆಗೆ ತಡೆಯುತ್ತದೆ.

4. ಬಿಸಿ ಮತ್ತು ಫ್ಯಾನ್

ಬರೀ ಹಾಡು ನುಡಿಸುವುದು ಪೈಗೆ ದೊಡ್ಡ ಕೆಲಸವೇ ಅಲ್ಲ. ಗುಣಮಟ್ಟ ಕಳೆಯದೆ ಉಳಿಸಿದ ದೊಡ್ಡ ಎಫ್‌ಎಲ್‌ಎಸಿ ಫೈಲಾದರೂ ಅಷ್ಟೇ. ಚಿಪ್ಪಿನ ಬಿಸಿ 80 ಡಿಗ್ರಿ ಮುಟ್ಟಿದರೆ ಅದು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಪೈ 3, ಪೈ 4ಕ್ಕೆ ಚಿಪ್ಪಿನ ಬಿಸಿ ಹೊರಹಾಕುವ ಪುಟ್ಟ ಲೋಹದ ಹೀಟ್‌ಸಿಂಕ್, ಕೇಸಿನ ಮೇಲೆ ಕೆಳಗೆ ಗಾಳಿಯಾಡುವ ತೂತು ಇದ್ದರೆ ನಡೆಯುತ್ತದೆ. ಪೈ 5 ಇನ್ನೂ ಜಾಸ್ತಿ ಬಿಸಿಯಾಗುತ್ತದೆ. ಹಾಡಿನ ಸ್ಯಾಂಪ್ಲಿಂಗ್ (ಸೆಕೆಂಡಿಗೆ ಎಷ್ಟು ಸಲ ದನಿಯ ಅಳತೆ ಅನ್ನುವುದು) ಏರಿಸುವುದು, ದನಿಯ ಮಟ್ಟ ತಿದ್ದುವ ಈಕ್ವಲೈಜರ್ ಇವೆಲ್ಲ ಹಾಕಿದರೆ ಯಾವ ಬೋರ್ಡಿಗಾದರೂ ಕೆಲಸ ಹೆಚ್ಚು. ಆದರೂ ಫ್ಯಾನ್ ಇರುವ ಕೇಸ್ ನನಗಂತೂ ಬೇಡ. ಹಾಡು ಮೆಲ್ಲಗಾದ ಕಡೆಯೆಲ್ಲ ಗುಂಯ್ ಅನ್ನುವ ಸದ್ದು ಕೇಳಿಸಿದರೆ ಡ್ಯಾಕಿಗೆ ಸುರಿದ ದುಡ್ಡು ಸುಮ್ನೆ ದಂಡ ಅಲ್ವಾ?

ಕೇಸಿನ ಮೈಯೇ ಹೀಟ್‌ಸಿಂಕ್ ಆಗಿರುವಂಥವೂ ಸಿಗುತ್ತವೆ. ಒಳಗಿನ ಉಬ್ಬು ಬಿಸಿ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡಿನ ಮೂಲಕ ಚಿಪ್ಪಿಗೆ ತಾಗುತ್ತದೆ. ಆದರೆ ಇಂಥ ಹೆಚ್ಚಿನ ಕೇಸುಗಳಲ್ಲಿ ಆ ಉಬ್ಬಿನಿಂದಾಗಿ ಹ್ಯಾಟ್ ಡ್ಯಾಕಿಗೆ ಜಾಗ ಇರುವುದಿಲ್ಲ. ಯುಎಸ್‌ಬಿ ಡ್ಯಾಕ್ ಇದ್ದವರಿಗೆ ಒಳ್ಳೆಯದು.

5. ಚಿಲ್ಲರೆ ವಿಷಯಗಳು

ಮೈಕ್ರೊ ಎಸ್‌ಡಿ ಕಾರ್ಡಿನ ಸಂದಿ ನೋಡಿ. ಬೋರ್ಡಿಗೂ ಕೇಸಿನ ಗೋಡೆಗೂ ನಡುವೆ ಜಾಗ ಬಿಟ್ಟಿದ್ದರೆ ಕಾರ್ಡು ಸ್ಲಾಟಿಗೆ ಹೋಗದೆ ಕೇಸಿನೊಳಗೇ ಬಿದ್ದುಬಿಡುತ್ತದೆ. ಬೋರ್ಡನ್ನು ಹೊರತೆಗೆಯುವ ಮುಂಚೆ ಕಾರ್ಡು ತೆಗೆಯಲು ಮರೆಯಬೇಡಿ, ಅಂಚಿಗೆ ಸಿಕ್ಕಿ ಎರಡು ತುಂಡಾಗುತ್ತದೆ. ರಿಮೋಟ್ ಬಳಸುವವರಿಗೆ ಅದರ ಬೆಳಕು ಒಳಗೆ ಹೋಗಲು ಒಂದು ಕಿಂಡಿ ಬೇಕು. ಪೈಯ ತೂತಿಗೆ ಎಂ2.5 ಸ್ಕ್ರೂ ಹಿಡಿಯುತ್ತದೆ, ಎಂ3 ಹಾಕಿ ತಿರುಗಿಸಲು ಹೋಗಬೇಡಿ.

ಎಲ್ಲ ಆದ ಮೇಲೂ ಸ್ಕ್ರೂ ಪೂರ್ತಿ ಬಿಗಿಯುವುದು ಬೇಡ. ಸ್ಟ್ರೀಮರ್ ಕಾಯಂ ಇರುವ ಜಾಗದಲ್ಲೇ ಇಟ್ಟು, ಮುಚ್ಚಳ ಮುಚ್ಚಿ, ಒಂದು ಗಂಟೆ ಹಾಡು ಹಾಕಿಬಿಡಿ. ಹಾಡು ಎಲ್ಲೂ ತಡವರಿಸದೆ, ಚಿಪ್ಪಿನ ಬಿಸಿ 70 ಡಿಗ್ರಿ ದಾಟದೆ ಇದ್ದರೆ ಆಗ ಸ್ಕ್ರೂಡ್ರೈವರ್ ಎತ್ತಿಕೊಳ್ಳಿ.