ನಾಲ್ಕನೇ ಗಂಟೆಗೆ ಗೊತ್ತಾಗುವ ಸಿಹಿ: ಗಂಡಸರ ಪರ್ಫ್ಯೂಮ್ ಆರಿಸಿದ ನನ್ನ ಅನುಭವ

"ಸಿಹಿ ಘಮ ಗಂಡಸರಿಗಲ್ಲ, ಪಕ್ಕದಲ್ಲಿ ಕೂತವರಿಗೆ ತಲೆನೋವು ಬರುತ್ತದೆ" ಅಂತ ನನಗೆ ಹೇಳದವರೇ ಇಲ್ಲ. ಮನೆಯವರು ಹೇಳಿದರು, ಆಫೀಸಿನವರು ಹೇಳಿದರು, ನನಗಿಂತ ಜಾಸ್ತಿ ಪರ್ಫ್ಯೂಮ್ ಹುಚ್ಚಿರುವ ಒಬ್ಬ ಗೆಳೆಯರೂ ಹೇಳಿದರು. ಈಗ ಎರಡು ವರ್ಷದಿಂದ ವಾರಕ್ಕೆ ನಾಲ್ಕು ದಿನ ಸಿಹಿಯದ್ದನ್ನೇ ಹಾಕುತ್ತಿದ್ದೇನೆ. ಹೋದ ತಿಂಗಳು ಅದೇ ಗೆಳೆಯರು ಪಕ್ಕಕ್ಕೆ ಬಂದು "ಇವತ್ತು ಏನು ಹಾಕಿದ್ದೀರಿ?" ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಶುರುವಿನ ಒಂದೂವರೆ ವರ್ಷದಲ್ಲಿ ಏಳು ಬಾಟಲಿ ಕೊಂಡೆ, ಹೆಚ್ಚಿನವು 100 ಎಂಎಲ್. ಒಟ್ಟು ಸೇರಿಸಿದರೆ ಹತ್ತಿರ ಹತ್ತಿರ ಒಂದೂವರೆ ತಿಂಗಳ ಸಂಬಳ. ಅದರಲ್ಲಿ ಪೂರ್ತಿ ಮುಗಿಸಿದ್ದು ಒಂದೇ. ಮೂರನ್ನು ಅರ್ಧ ಬೆಲೆಗೆ ಮಾರಿದೆ, ಎರಡನ್ನು ಸುಮ್ನೆ ಕೊಟ್ಟುಬಿಟ್ಟೆ, ಒಂದು ಇನ್ನೂ ಕಪಾಟಿನಲ್ಲಿದೆ. ಅದು ಕಂದು ಬಣ್ಣಕ್ಕೆ ತಿರುಗಿದೆ, ವೆನಿಲಿನ್ (ವೆನಿಲ್ಲಾ ಘಮ ಕೊಡುವ ರಾಸಾಯನಿಕ) ಇರುವ ದ್ರವ ಹಾಗೆ ತಿರುಗುವುದು ಮಾಮೂಲಿ.

ಏಳರಲ್ಲೂ ಆದದ್ದು ಒಂದೇ ತಪ್ಪು. ಮೊದಲ ಹತ್ತು ನಿಮಿಷದ ಘಮಕ್ಕೆ ಸೋತು ಕೊಂಡೆ. ಒಂದಂತೂ ಹಾಕಿದ ತಕ್ಷಣ ಏಲಕ್ಕಿ, ಕಿತ್ತಳೆ ಸಿಪ್ಪೆ, ಎಷ್ಟು ಚೆನ್ನಾಗಿತ್ತು ಅಂದರೆ ಅಲ್ಲೇ ದುಡ್ಡು ಕೊಟ್ಟೆ. ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದ ಕಾರಿನೊಳಗೆ ಕೂತಾಗ ಏಲಕ್ಕಿಯೂ ಇಲ್ಲ, ಕಿತ್ತಳೆಯೂ ಇಲ್ಲ, ಕರಗಿಸಿದ ಸಕ್ಕರೆಯ ವಾಸನೆಯೊಂದೇ ಉಳಿದು ಗಂಟಲು ಕಟ್ಟಿದ ಹಾಗಾಯಿತು. ಜೊತೆಯಲ್ಲಿದ್ದವರು ಏನೂ ಮಾತಾಡದೆ ಕಿಟಕಿ ಇಳಿಸಿದರು. ಆ ಸಕ್ಕರೆ ವಾಸನೆ ಎಥೈಲ್ ಮಾಲ್ಟಾಲ್ ಅನ್ನುವ ರಾಸಾಯನಿಕದ್ದು ಅಂತ ಆಮೇಲೆ ತಿಳಿಯಿತು.

ಅವತ್ತಿನಿಂದ ದೊಡ್ಡ ಬಾಟಲಿ ಬಂದ್. 5 ಎಂಎಲ್ ಡಿಕ್ಯಾಂಟ್ ಮಾತ್ರ, ಅಂದರೆ ದೊಡ್ಡ ಬಾಟಲಿಯಿಂದ ಸ್ವಲ್ಪ ತೆಗೆದು ತುಂಬಿಸಿದ ಪುಟ್ಟ ಸೀಸೆ. ಒಂದು ಸ್ಪ್ರೇಗೆ ಸುಮಾರು 0.1 ಎಂಎಲ್ ಹೋಗುತ್ತದೆ, ಅಂದರೆ ಐವತ್ತು ಸ್ಪ್ರೇ, ದಿನಕ್ಕೆ ಮೂರರಂತೆ ಎರಡು ವಾರ ಬರುತ್ತದೆ. ಹಾಕಿ ನಾಲ್ಕು ಗಂಟೆ ಕಳೆಯುವ ತನಕ ಒಳ್ಳೆಯದು ಕೆಟ್ಟದ್ದು ಅಂತ ತೀರ್ಮಾನವೇ ಇಲ್ಲ. ಒಂದು ದಿನ ಬಿಸಿಲಿನಲ್ಲಿ, ಒಂದು ದಿನ ಮುಚ್ಚಿದ ಕೋಣೆಯಲ್ಲಿ, ಒಂದು ದಿನ ತಂಪಾದ ರಾತ್ರಿಯಲ್ಲಿ ಹಾಕಿ ನೋಡುತ್ತೇನೆ. ಮರುದಿನ ಬೆಳಿಗ್ಗೆ ಅದೇ ಅಂಗಿಯ ಕಾಲರ್ ಮೂಸುತ್ತೇನೆ, ಅಲ್ಲಿ ಜಿಡ್ಡು ಸಿಹಿ ಉಳಿದಿದ್ದರೆ ಅದು ಪಟ್ಟಿಯಿಂದ ಹೊರಗೆ. ನಮ್ಮ ಮೂಗು ಅರ್ಧ ಗಂಟೆಯಲ್ಲಿ ಒಗ್ಗಿಬಿಡುತ್ತದೆ, ಅದಕ್ಕೆ ಹೊರಗಿನಿಂದ ಆಗಷ್ಟೇ ಬಂದವರನ್ನು ಕೇಳಬೇಕು. ಕಾಫಿ ಬೀಜ ಮೂಸಿದರೆ ಮೂಗು ಸರಿಹೋಗುತ್ತದೆ ಅನ್ನುವುದು ನನಗೆ ಒಂದು ಸಲವೂ ಕೆಲಸಕ್ಕೆ ಬಂದಿಲ್ಲ. ಏನೂ ಹಚ್ಚದ ಮೊಣಕೈ ಮಡಿಕೆ ಮೂಸುವುದೇ ವಾಸಿ.

ಹೀಗೆ ಇಪ್ಪತ್ತು, ಇಪ್ಪತ್ತೈದು ಡಿಕ್ಯಾಂಟ್ ಮುಗಿಸಿದ್ದೇನೆ. ಎಲ್ಲದರ ಖರ್ಚು ಸೇರಿಸಿದರೂ ಹಿಂದಿನ ಎರಡು ಬಾಟಲಿಯಷ್ಟೂ ಆಗಿಲ್ಲ.

ನನಗೆ ಕಣ್ಣು ತೆರೆಸಿದ್ದು ಮ್ಯೂಗ್ಲರ್‌ನ ಎ ಮೆನ್, 1996ರದ್ದು. ಅದರಲ್ಲಿ ಸಿಹಿ ಕಮ್ಮಿ ಏನಿಲ್ಲ, ಆದರೆ ಜೊತೆಗೆ ಕಾಫಿ, ಮಣ್ಣಿನ ಘಮದ ಪಚೋಲಿ ಎಲೆ, ಟಾರಿನ ಹೊಗೆ ಇದೆ. ಸಿಹಿಯನ್ನು ಎದುರು ನಿಂತು ತಡೆಯುವ ಕಹಿ ಬೇಕು, ಅಷ್ಟೇ ವಿಷಯ. ಜಾನ್ ಪಾಲ್ ಗೋತಿಯೇ ಕಂಪನಿಯ 1995ರ ಲೆ ಮಾಲ್‌ನಲ್ಲಿ ವೆನಿಲ್ಲಾಗೆ ಪುದೀನ, ಲ್ಯಾವೆಂಡರ್ ಎದುರು ನಿಲ್ಲುತ್ತವೆ. ಟಾಮ್ ಫೋರ್ಡ್‌ನ ಟೊಬ್ಯಾಕೊ ವೆನಿಲ್ಲೆಯಲ್ಲಿ ಹೊಗೆಸೊಪ್ಪು. ಅದನ್ನು ನಾನು ಚಳಿ ರಾತ್ರಿಗೆ ಮಾತ್ರ ತೆಗೆಯುವುದು, ಅದೂ ಒಂದೇ ಸ್ಪ್ರೇ. ಇನ್ನು "ಗಂಡಸರಿಗಲ್ಲ" ಅನ್ನುವವರಿಗೆ ಒಂದು ಮಾತು. ಗಂಡಸರ ಘಮ ಅಂದರೆ ಫೂಜೇರ್ (ಲ್ಯಾವೆಂಡರ್, ಪಾಚಿ, ಕೂಮರಿನ್ ಸೇರಿದ ಘಮದ ಬಗೆ) ಅಂತೀರಲ್ವಾ, ಆ ಹೆಸರು ಬಂದದ್ದೇ 1882ರ ಫೂಜೇರ್ ರೊಯಾಲ್ ಅನ್ನುವ ಪರ್ಫ್ಯೂಮ್‌ನಿಂದ, ಅದರ ಬೆನ್ನೆಲುಬು ಕೂಮರಿನ್, ಟೊಂಕಾ ಅನ್ನುವ ಮರದ ಬೀಜದಲ್ಲಿರುವ ಸಿಹಿ ಘಮ!

ನಡುವೆ ಒಂದು ಅಡ್ಡ ಪ್ರಯೋಗ ಮಾಡಿದೆ. ಸಿಹಿ ಘಮ ಕೊಡುವ ರಾಸಾಯನಿಕಗಳಾದ ವೆನಿಲಿನ್, ಎಥೈಲ್ ವೆನಿಲಿನ್, ಎಥೈಲ್ ಮಾಲ್ಟಾಲ್, ಕೂಮರಿನ್ ನಾಲ್ಕನ್ನೂ ತರಿಸಿ ಆಲ್ಕೋಹಾಲಿನಲ್ಲಿ ಶೇ. 1ರಷ್ಟು ಕರಗಿಸಿ ಕಾಗದದ ಪಟ್ಟಿಯಲ್ಲಿ ವಾರಗಟ್ಟಲೆ ಮೂಸಿದೆ. ಎಥೈಲ್ ವೆನಿಲಿನ್ ಮಾಮೂಲಿ ವೆನಿಲಿನ್‌ಗಿಂತ ಸುಮಾರು ಮೂರು ಪಟ್ಟು ಜೋರು. ಕೂಮರಿನ್ ಒಣ ಹುಲ್ಲಿನ ಹಾಗೆ, ಮೈಮೇಲೆ ಶಾಂತವಾಗಿ ಕೂರುತ್ತದೆ. ಈಗ ಯಾವುದೇ ಬಾಟಲಿ ಮೂಸಿದರೂ ಸಿಹಿ ಯಾವ ಕಡೆಯಿಂದ ಬಂತು ಅಂತ ಹತ್ತಕ್ಕೆ ಏಳೆಂಟು ಸಲ ಸರಿಯಾಗಿ ಹೇಳುತ್ತೇನೆ. ಈ ನಾಲ್ಕು ಪಟ್ಟಿಗಳಿಂದ ಕಲಿತಷ್ಟು ಆ ಏಳು ಬಾಟಲಿಯಿಂದ ಕಲಿಯಲಿಲ್ಲ.

ಇನ್ನೊಂದು, ಇಡಿಪಿಯೇ (ಓ ದ ಪರ್ಫ್ಯೂಮ್, ಸುಗಂಧದ ಅಂಶ ಜಾಸ್ತಿ ಇರುವುದು) ಮೇಲು ಅಂತ ಕುರುಡಾಗಿ ನಂಬಬೇಡಿ. ಸೆಖೆಯಲ್ಲಿ ಅದೇ ಹೆಸರಿನ ಇಡಿಟಿ (ಓ ದ ಟಾಯ್ಲೆಟ್, ಅದಕ್ಕಿಂತ ತೆಳುವಾದದ್ದು) ನನಗೆ ಎಷ್ಟೋ ಸಲ ಚೆನ್ನಾಗಿ ಕೂತಿದೆ. ಕುತ್ತಿಗೆ ಬಿಟ್ಟು ಅಂಗಿಯೊಳಗೆ ಎದೆಗೆ ಎರಡು ಸ್ಪ್ರೇ ಹಾಕಿದರೆ ಘಮ ನಿಧಾನವಾಗಿ ಏಳುತ್ತದೆ. ವಾಸನೆಯಿಲ್ಲದ ಮಾಯಿಶ್ಚರೈಸರ್ ಮೊದಲು ಹಚ್ಚಿದರೆ ಒಂದೆರಡು ಗಂಟೆ ಜಾಸ್ತಿ ನಿಲ್ಲುತ್ತದೆ.

ನನ್ನ ಮುಖ್ಯ ಗುಟ್ಟು ಲಾವಂಚ. ಸಿಹಿ ಹಾಕುವ ಮೊದಲು ಅದರ ಎಣ್ಣೆಯನ್ನು ತೆಳುವಾಗಿ ಬೆರೆಸಿ ಹಚ್ಚುತ್ತೇನೆ. ಎಷ್ಟು ಹನಿ, ಎಲ್ಲಿ ಹಚ್ಚುವುದು ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೆ ಎಂಟು ತಿಂಗಳು ಹಿಡಿದಿದೆ.

"ಏನು ಹಾಕಿದ್ದೀರಿ" ಅಂತ ಕೇಳಿದ ಆ ಗೆಳೆಯರಿಗೆ ಅದನ್ನೇ 2 ಎಂಎಲ್ ಸೀಸೆಗೆ ತುಂಬಿಸಿ ಕೊಟ್ಟೆ. ಬೆಳಿಗ್ಗೆ ಹಾಕಿ, ಮಧ್ಯಾಹ್ನ ಊಟ ಆದಮೇಲೆ ಫೋನ್ ಮಾಡಿ ಅಂದೆ. ಮಾಡಿದರು. "ಚೆನ್ನಾಗಿದೆ, ಆದರೆ ನಿಮ್ಮ ಮೇಲೆ ಬಂದ ಹಾಗೆ ನನ್ನ ಮೇಲೆ ಬರುತ್ತಿಲ್ಲವಲ್ಲ" ಅಂದರು. ಬಾಟಲಿಯ ಹೆಸರು ಹೇಳಿದೆ, ಲಾವಂಚದ ವಿಷಯ ಎತ್ತಲಿಲ್ಲ.