ಎರಡೂ ಬಲಗಾಲಿನವು: ಉಲ್ಲನ್ ಹೆಣಿಗೆಯಲ್ಲಿ ಬಿಚ್ಚಿ ಬಿಚ್ಚಿ ಕಲಿತದ್ದು

ಡಿಸೆಂಬರ್ ಬಂತೆಂದರೆ ಲಾಲ್‌ಬಾಗ್‌ನಲ್ಲಿ ಬೆಳಗಿನ ನಡಿಗೆಗೆ ಬರುವವರ ತಲೆಗೆ ಮಂಕಿ ಕ್ಯಾಪ್ ಏರುತ್ತದೆ. ಕಾಲಿಗೆ ಮಾತ್ರ ಅದೇ ಚಪ್ಪಲಿ. ನಮ್ಮ ಮಾವನವರೂ ಆ ಗುಂಪಿನವರೇ. ಬೂಟು ಹಾಕಿಕೊಳ್ಳಿ ಎಂದರೆ, "ಮದುವೆಯಲ್ಲಿ ಹಾಕಿದ್ದೇ ಕೊನೆ" ಎನ್ನುತ್ತಾರೆ. ಅವರಿಗೆಂದು ಹೆಬ್ಬೆರಳಿಗೆ ಬೇರೆ ಗೂಡು, ಉಳಿದ ನಾಲ್ಕು ಬೆರಳಿಗೆ ಬೇರೆ ಗೂಡು ಇರುವ ಉಣ್ಣೆಯ ಕಾಲುಚೀಲ ಹೆಣೆದೆ. ಹದಿನೈದು ದಿನ ಹಿಡಿಯಿತು. ಹಾಕಿ ನೋಡಿದರೆ ಎರಡೂ ಬಲಗಾಲಿನವು! ಮಾವ ಅವನ್ನು ತಿರುಗಿಸಿ ಮುರುಗಿಸಿ ನೋಡಿ, "ಪರವಾಗಿಲ್ಲಮ್ಮ, ನನ್ನ ಎಡಗಾಲಿಗೆ ಮೊದಲಿನಿಂದಲೂ ಚಳಿ ಕಡಿಮೆ" ಎಂದರು.

ಹನ್ನೆರಡು ವರ್ಷಗಳಲ್ಲಿ ನಾನು ಬಿಚ್ಚಿದ್ದು ಹೆಣೆದದ್ದಕ್ಕಿಂತ ಕಡಿಮೆಯೇನಲ್ಲ. ಅದರಲ್ಲಿ ಮುಕ್ಕಾಲು ಪಾಲು ಕೈತಪ್ಪಿನಿಂದ ಆದದ್ದಲ್ಲ. ಯಾರ ಮೈಗೆ, ಯಾವ ತಿಂಗಳಿಗೆ ಎಂದು ಕೇಳಿಕೊಳ್ಳದೆ ಕಡ್ಡಿ ಹಿಡಿದದ್ದರ ಫಲ. ಹಾಗಾಗಿ ಅಂಗಡಿಯಿಂದಲೇ ಶುರು ಮಾಡೋಣ.

ಉಂಡೆ ಕೊಳ್ಳುವಾಗ

ಚಿಕ್ಕಪೇಟೆಯಾಗಲಿ, ಮಲ್ಲೇಶ್ವರವಾಗಲಿ, ಉಲ್ಲನ್ ಕೊಡಿ ಎಂದರೆ ಮುಂದೆ ಬರುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್ ಎಂಬುದು ನನ್ನ ಅನುಭವ. ಲೇಬಲ್ ಓದಿ. ಲೇಬಲ್ ಕಳೆದುಹೋದ ಹಳೆಯ ಉಂಡೆಯಾದರೆ ಬೆರಳುದ್ದದ ತುಂಡು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಬೆಂಕಿ ತಗುಲಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಿನಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಅಕ್ರಿಲಿಕ್ ಎಂದರೆ ಮೂಗು ಮುರಿಯಬೇಕಿಲ್ಲ. ದಿನವೂ ಒಗೆಯಬೇಕಾದ ಮಗುವಿನ ಹೊದಿಕೆಗೆ ಅದೇ ಸರಿ. ಇಸ್ತ್ರಿ ಪೆಟ್ಟಿಗೆ ಮಾತ್ರ ಹತ್ತಿರ ಸುಳಿಯಬಾರದು. ಕಾಲುಚೀಲಕ್ಕೆ ಅದು ಬೇಡ, ಬೆವರು ಹೀರುವುದಿಲ್ಲ. ಹತ್ತಿ ನೂಲು ಹೀರುತ್ತದೆ, ಆದರೆ ಅದಕ್ಕೆ ಹಿಗ್ಗಿ ಕುಗ್ಗುವ ಗುಣವಿಲ್ಲ. ಮಧ್ಯಾಹ್ನದ ಹೊತ್ತಿಗೆ ಚೀಲ ಕಣಕಾಲಿನಿಂದ ಜಾರಿ ಹಿಮ್ಮಡಿಯಲ್ಲಿ ಮುದುಡಿ ಕುಳಿತಿರುತ್ತದೆ. ಮುಕ್ಕಾಲು ಭಾಗ ಉಣ್ಣೆ, ಕಾಲು ಭಾಗ ನೈಲಾನ್ ಇರುವ ದಾರ ಕಾಲುಚೀಲಕ್ಕೆ ಹೇಳಿ ಮಾಡಿಸಿದ್ದು. ಒಂದು ಜೊತೆಗೆ 100 ಗ್ರಾಂ ಸಾಕು.

ಲೇಬಲ್‌ನಲ್ಲಿ ಬಣ್ಣದ ಸಂಖ್ಯೆಯ ಪಕ್ಕದಲ್ಲೇ ಲಾಟ್ ಸಂಖ್ಯೆ ಇರುತ್ತದೆ. ಒಂದೇ ಹಂಡೆಯಲ್ಲಿ ಅದ್ದಿದ ದಾರಕ್ಕೆ ಒಂದೇ ಲಾಟ್. ಸ್ವೆಟರ್‌ಗೆ ಬೇಕಾದಷ್ಟನ್ನೂ ಒಂದೇ ಲಾಟ್‌ನಲ್ಲಿ, ಒಂದು ಉಂಡೆ ಹೆಚ್ಚಾಗಿಯೇ ಕೊಳ್ಳಿ. ನನ್ನ ಹಸಿರು ಸ್ವೆಟರ್‌ನ ಎಡತೋಳು ಟ್ಯೂಬ್‌ಲೈಟ್ ಬೆಳಕಿನಲ್ಲಿ ಬಲತೋಳಿನ ಹಾಗೇ ಕಾಣುತ್ತದೆ. ಬಿಸಿಲಿಗೆ ಬಂದರೆ ಒಂದು ಮಾವಿನೆಲೆ, ಇನ್ನೊಂದು ಬಾಳೆಎಲೆ.

ಕಡ್ಡಿಯ ನಂಬರು ಇನ್ನೊಂದು ಮೋಸ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣ: 8 ಎಂದರೆ 4 ಮಿ.ಮೀ., 10 ಎಂದರೆ 3.25, 13 ಎಂದರೆ 2.25. ಅಮೆರಿಕದ ಲೆಕ್ಕ ಇದಕ್ಕೆ ತಿರುವುಮುರುವು, ಅವರ 8 ಎಂದರೆ 5 ಮಿ.ಮೀ. ಇದು ತಿಳಿಯದೆ ಅಮೆರಿಕದ ವಿನ್ಯಾಸವೊಂದನ್ನು ನಮ್ಮ 8ನೇ ನಂಬರಿನಲ್ಲಿ ಹೆಣೆದೆ. 10 ಸೆಂ.ಮೀ.ಗೆ 18 ಕುಣಿಕೆ ಬರಬೇಕಾದ ಕಡೆ 22 ಬಂದವು. 194 ಕುಣಿಕೆಯ ಸ್ವೆಟರ್ 108 ಸೆಂ.ಮೀ. ಸುತ್ತಳತೆಗೆ ಬರುವ ಬದಲು 88ಕ್ಕೆ ನಿಂತಿತು. ಯಜಮಾನರ ತಲೆ ತೂರಿತು, ಭುಜ ತೂರಲಿಲ್ಲ. ಅದೀಗ ಮೈದುನನ ಮಗನ ಪಾಲಾಗಿದೆ. ನಂಬರು ನಂಬಬೇಡಿ, ಮಿಲಿಮೀಟರ್ ನೋಡಿ.

ಬೇಸರದ ಚೌಕ

ಆ ಸ್ವೆಟರನ್ನು ಉಳಿಸಬಹುದಾಗಿದ್ದದ್ದು ಒಂದು ಚೌಕ. ಅದೇ ದಾರ, ಅದೇ ಕಡ್ಡಿಯಲ್ಲಿ 15 ಸೆಂ.ಮೀ. ಚೌಕ ಹೆಣೆಯಿರಿ. ಒಗೆಯಿರಿ, ಒಣಗಿಸಿ. ಅಂಚುಗಳು ಸುಳ್ಳು ಹೇಳುತ್ತವೆ, ಆದ್ದರಿಂದ ನಡುವಿನ 10 ಸೆಂ.ಮೀ.ಯಲ್ಲಿ ಎಷ್ಟು ಕುಣಿಕೆ ಎಂದು ಎಣಿಸಿ. 22 ಬಂದರೆ ಒಂದು ಸೆಂ.ಮೀ.ಗೆ 2.2, 100 ಸೆಂ.ಮೀ. ಸುತ್ತಳತೆಗೆ 220 ಕುಣಿಕೆ. ಲೆಕ್ಕ ಇಷ್ಟೇ. ನನಗೂ ಈ ಚೌಕವೆಂದರೆ ಬೇಸರ, ಈಗಲೂ. ಆದರೆ ಒಂದು ಸಂಜೆ ಉಳಿಸಲು ಹೋಗಿ ಎರಡು ತಿಂಗಳು ಕಳೆದುಕೊಂಡವಳು ನಾನು.

ಕಾಲುಚೀಲ, ಮೇಲಿನಿಂದ ಕೆಳಕ್ಕೆ

ಪಾದದ ಸುತ್ತಳತೆ 22 ಸೆಂ.ಮೀ. ಇದ್ದರೆ ಚೀಲ 20 ಸೆಂ.ಮೀ. ಇರಬೇಕು. ಸ್ವಲ್ಪ ಬಿಗಿ ಇದ್ದರಷ್ಟೇ ಅದು ಜಾರದೆ ನಿಲ್ಲುವುದು. 2.25 ಅಥವಾ 2.5 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ.ಗೆ 30 ಕುಣಿಕೆ ಬರುತ್ತದೆ ಎಂದುಕೊಳ್ಳಿ, ಅಲ್ಲಿಗೆ 60 ಕುಣಿಕೆ. ಎರಡೂ ತುದಿ ಚೂಪಾದ ನಾಲ್ಕು ಕಡ್ಡಿಗಳಲ್ಲಿ ಹದಿನೈದು ಹದಿನೈದರಂತೆ ಹಂಚಿ, ಐದನೆಯ ಕಡ್ಡಿಯಿಂದ ಸುತ್ತ ಹೆಣೆಯಬೇಕು. ಕುಣಿಕೆ ಹಾಕುವಾಗ ಎರಡು ಕಡ್ಡಿ ಜೋಡಿಸಿ ಹಿಡಿದು ಸಡಿಲವಾಗಿ ಹಾಕಿ. ನನ್ನ ಮೊದಲ ಚೀಲದ ಬಾಯಿ ಎಷ್ಟು ಬಿಗಿಯಾಗಿತ್ತೆಂದರೆ ಹಿಮ್ಮಡಿ ದಾಟಲೇ ಇಲ್ಲ, ಈಗ ಅದರೊಳಗೆ ಕನ್ನಡಕ ಮಲಗುತ್ತದೆ.

ಎರಡು ಸೀದಾ (ಮುಂಬದಿಗೆ ನಯವಾಗಿ ಕಾಣುವ ಕುಣಿಕೆ), ಎರಡು ಉಲ್ಟಾ (ಉಬ್ಬಿ ಕಾಣುವ ಕುಣಿಕೆ) ಪಟ್ಟಿ ನಾಲ್ಕೈದು ಸೆಂ.ಮೀ., ಆಮೇಲೆ ಬೇಕಾದಷ್ಟು ಉದ್ದ ಸೀದಾ. ಹಿಮ್ಮಡಿಯ ಹತ್ತಿರ ಎಲ್ಲರೂ ಹೆದರುತ್ತಾರೆ, ಕಾರಣವಿಲ್ಲದೆ. ಅರ್ಧ ಕುಣಿಕೆಗಳನ್ನು, ಅಂದರೆ 30ನ್ನು ಮಾತ್ರ ಹಿಂದೆ ಮುಂದೆ 30 ಸಾಲು ಹೆಣೆಯಿರಿ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸಿ. ಅಂಚಿನಲ್ಲಿ 15 ಸರಪಳಿ ಕೊಂಡಿ ಎದ್ದು ಕಾಣುತ್ತವೆ. ಈಗ ತಿರುವು: 17 ಹೆಣೆದು, ಎರಡನ್ನು ಕೂಡಿಸಿ ಒಂದು ಮಾಡಿ, ಇನ್ನೊಂದು ಹೆಣೆದು ಅಲ್ಲೇ ತಿರುಗಿಸಿ. ಒಂದು ದಾಟಿಸಿ, ಐದು ಉಲ್ಟಾ, ಎರಡು ಕೂಡಿಸಿ, ಒಂದು ಉಲ್ಟಾ, ಮತ್ತೆ ತಿರುಗಿಸಿ. ಇನ್ನು ಪ್ರತಿ ಸಲವೂ ತಿರುಗಿಸಿದ ಕಡೆ ಉಳಿದ ಸಂದಿನ ಎರಡೂ ಬದಿಯ ಕುಣಿಕೆಗಳನ್ನು ಕೂಡಿಸಿ, ಒಂದು ಮುಂದೆ ಹೋಗಿ ತಿರುಗಿ. ಕೊನೆಗೆ 18 ಉಳಿಯುತ್ತವೆ, ಮತ್ತು ಚಪ್ಪಟೆ ಬಟ್ಟೆ ಕೈಯಲ್ಲೇ ಬಟ್ಟಲಾಗಿ ಬಾಗಿರುತ್ತದೆ. ಎಷ್ಟು ಸಲ ಮಾಡಿದರೂ ಆ ಗಳಿಗೆಯಲ್ಲಿ ಯಾರನ್ನಾದರೂ ಕರೆದು ತೋರಿಸಬೇಕೆನಿಸುತ್ತದೆ.

ಎರಡೂ ಅಂಚಿನಿಂದ ಹದಿನೈದು ಹದಿನೈದು ಕೊಂಡಿ ಎತ್ತಿಕೊಂಡು ಮತ್ತೆ ಸುತ್ತ ಹೆಣೆಯಿರಿ. ಹೆಣೆಯದೆ ಬಿಟ್ಟಿದ್ದ 30 ಸೇರಿ ಒಟ್ಟು 78. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಎರಡೆರಡು ಇಳಿಸುತ್ತಾ 60ಕ್ಕೆ ಬನ್ನಿ. ಅಂಗಾಲಿನಲ್ಲಿ ಎಲ್ಲೂ ಗಂಟು ಹಾಕಬೇಡಿ. ಸಣ್ಣ ಗಂಟೂ ನಾಲ್ಕು ಹೆಜ್ಜೆಗೆ ಕಲ್ಲಾಗುತ್ತದೆ.

ಬೂಟಿನವರಿಗಾದರೆ ತುದಿಯನ್ನು ಎರಡೂ ಬದಿಯಿಂದ ಕಿರಿದು ಮಾಡಿ, ಕೊನೆಯ ಕುಣಿಕೆಗಳನ್ನು ಸೂಜಿಯಿಂದ ಹೊಲಿಗೆ ಕಾಣದಂತೆ ಜೋಡಿಸುತ್ತಾರೆ. ಇದಕ್ಕೆ ಕಿಚನರ್ ಹೊಲಿಗೆ ಎಂದು ಹೆಸರು. ಅಡುಗೆಮನೆಗೂ ಇದಕ್ಕೂ ಸಂಬಂಧವಿಲ್ಲ. 1902ರಿಂದ 1909ರವರೆಗೆ ಭಾರತದಲ್ಲಿ ಬ್ರಿಟಿಷ್ ದಂಡನಾಯಕನಾಗಿದ್ದ ಲಾರ್ಡ್ ಕಿಚನರ್‌ನ ಹೆಸರು ಅದು.

ಚಪ್ಪಲಿಯವರಿಗಾದರೆ ಬೆರಳುಗಳ ಬುಡದಲ್ಲಿ ನಿಲ್ಲಿ. ಹೆಬ್ಬೆರಳ ಕಡೆಯಿಂದ ಮೇಲಿನ 11, ಕೆಳಗಿನ 11 ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸಿಡಿ. ಸಂದಿಯಲ್ಲಿ ನಾಲ್ಕು ಹೊಸ ಕುಣಿಕೆ ಹಾಕಿ ಉಳಿದ 38ರ ಜೊತೆ ಸೇರಿಸಿ ನಾಲ್ಕು ಬೆರಳಿನ ಗೂಡು ಮುಗಿಸಿ. ಆಮೇಲೆ ಪೋಣಿಸಿಟ್ಟ 22, ಸಂದಿಯಿಂದ ಎತ್ತಿಕೊಂಡ 4, ಒಟ್ಟು 26ರಲ್ಲಿ ಹೆಬ್ಬೆರಳು. ಇದೇನು ಹೊಸ ಶೋಧನೆಯಲ್ಲ. ಸುಮಾರು 1,600 ವರ್ಷ ಹಳೆಯ, ಈಜಿಪ್ಟಿನಲ್ಲಿ ಸಿಕ್ಕ ಇಂಥದೇ ಸೀಳು ಬೆರಳಿನ ಕೆಂಪು ಉಣ್ಣೆಯ ಕಾಲುಚೀಲ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಎರಡು ಕಡ್ಡಿಯ ಹೆಣಿಗೆ ಬರುವ ಮೊದಲು ಒಂಟಿ ಸೂಜಿಯಿಂದ ಮಾಡಿದ್ದು, ಅದೂ ಚಪ್ಪಲಿ ಹಾಕುವವರಿಗೇ.

ಅಂಗಾಲು ಕೆಳಗೆ, ಹಿಮ್ಮಡಿ ನಿಮ್ಮ ಕಡೆಗೆ ಇರುವಂತೆ ಮೇಜಿನ ಮೇಲಿಟ್ಟರೆ ಬಲಗಾಲಿನ ಹೆಬ್ಬೆರಳು ಎಡಕ್ಕೆ ಬರಬೇಕು. ಕುಣಿಕೆ ಪೋಣಿಸುವ ಮೊದಲು ಆ ಕಡೆ ಒಂದು ಕೆಂಪು ದಾರ ಕಟ್ಟಿ. ನಾನು ಕಟ್ಟಿರಲಿಲ್ಲ. ಎರಡು ಎಡಗಾಲಿನವನ್ನು ಮತ್ತೆ ಹೆಣೆದುಕೊಟ್ಟೆ. ಮಾವನಿಗೆ ಈಗ ಎರಡು ಜೊತೆ.

ಒಂದು ಜೊತೆಗೆ ಹೆಚ್ಚುಕಡಿಮೆ ಇಪ್ಪತ್ತು ಸಾವಿರ ಕುಣಿಕೆ. ಒಂದು ಕಾಲು ಮುಗಿಸಿದ ಸಂಜೆಯೇ ಎರಡನೆಯದಕ್ಕೆ ಕುಣಿಕೆ ಹಾಕಿಬಿಡಿ, ಮರುದಿನಕ್ಕೆ ಬಿಟ್ಟರೆ ಅದು ಯುಗಾದಿಗೆ ಹೋಗುತ್ತದೆ.

ಸ್ವೆಟರ್

ಡಿಸೆಂಬರ್‌ನಲ್ಲೂ ಇಲ್ಲಿ ಬೆಳಿಗ್ಗೆ 16 ಡಿಗ್ರಿಯ ಆಸುಪಾಸು, ಮಧ್ಯಾಹ್ನ 26–27. ದಪ್ಪ ದಾರದ, ಕುತ್ತಿಗೆ ಮುಚ್ಚುವ ಸ್ವೆಟರ್ ಬೀರುವಿನಲ್ಲಿ ನುಸಿಗೆ ಆಹಾರ. ತೆಳು ದಾರ, ಮುಂದೆ ಗುಂಡಿ, ಬೇಕಾದಾಗ ಬಿಚ್ಚಿ ಕೈಚೀಲಕ್ಕೆ ತುರುಕುವಂತಿರಲಿ. ಅಳತೆಗೆ ಅವರು ಇಷ್ಟಪಟ್ಟು ಹಾಕುವ ಹಳೆಯ ಸ್ವೆಟರನ್ನೇ ನೆಲದ ಮೇಲೆ ಹಾಸಿ ಟೇಪ್ ಹಿಡಿಯಿರಿ. ಗುಟ್ಟಾಗಿ ಹೆಣೆಯುವುದಿದ್ದರೆ ಬೇರೆ ದಾರಿಯೇ ಇಲ್ಲ. ಸೀರೆಯ ಮೇಲೆ ಹಾಕುವವರಿಗಾದರೆ ಸೆರಗು ಹೊದ್ದ ಮೇಲೆಯೇ ಎದೆಯ ಅಳತೆ ತೆಗೆಯಬೇಕು. ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುವ ಕ್ರಮ ಕಲಿತರೆ ನಡುನಡುವೆ ಹಾಕಿ ನೋಡಬಹುದು.

ತಪ್ಪು ಕಂಡಾಗ ಮೊದಮೊದಲು ನಾನು ಮುಚ್ಚಿಡುತ್ತಿದ್ದೆ. ಹೆಣಿಗೆ ಕಲಿಸಿದ ಅತ್ತೆ ಪತ್ತೆ ಹಚ್ಚಿ, "ಬಿಚ್ಚು, ದಾರವೇನು ಸಾಯುವುದಿಲ್ಲ" ಎನ್ನುತ್ತಿದ್ದರು. ಬಿಚ್ಚಿದ ದಾರ ಸುರುಳಿ ಸುರುಳಿಯಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನೀರಿನಲ್ಲಿ ನೆನೆಸಿ ನೇತುಹಾಕಿದರೆ ಮತ್ತೆ ನೆಟ್ಟಗಾಗುತ್ತದೆ.

ಕೊಡುವ ಮೊದಲು

ಬಾಣಂತಿಯ ಮನೆಗೆ ಕುಲಾವಿ ಹೆಣೆಯುವವರು ತಿಂಗಳು ಎಣಿಸಬೇಕು. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ., ಆರು ತಿಂಗಳಿಗೆ 43ರ ಹತ್ತಿರ. ಜೂನ್‌ನಲ್ಲಿ ಹುಟ್ಟಿದ ಮಗುವಿಗೆ ಚಳಿ ಬರುವಾಗ ಆರು ತಿಂಗಳು, ದೊಡ್ಡದನ್ನೇ ಹೆಣೆಯಿರಿ. ಡಿಸೆಂಬರ್ ಮಗುವಿಗೆ ಆರು ತಿಂಗಳ ಅಳತೆಯ ಉಣ್ಣೆ ಸ್ವೆಟರ್ ಕೊಟ್ಟರೆ ಹಾಕುವ ಹೊತ್ತಿಗೆ ಮೇ ತಿಂಗಳ ಸೆಕೆ. ಉದ್ದನೆಯ ಲಾಡಿ, ಸಡಿಲ ಗುಂಡಿ, ಬೆರಳು ಸಿಕ್ಕಿಕೊಳ್ಳುವ ಜಾಲರಿ ವಿನ್ಯಾಸ ಬೇಡವೇ ಬೇಡ.

ಹೆಣೆದು ಮುಗಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಟವೆಲ್‌ನಲ್ಲಿ ಸುರುಳಿ ಸುತ್ತಿ ಒತ್ತಿ, ಚಾಪೆಯ ಮೇಲೆ ನೆರಳಿನಲ್ಲಿ ಹಾಸಿ ಆಕಾರಕ್ಕೆ ತನ್ನಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಸ್ವೆಟರ್ ಮೊಣಕಾಲಿಗೆ ಇಳಿಯುತ್ತದೆ.

ಕಳೆದ ವರ್ಷ ಗೆಳತಿಯೊಬ್ಬಳಿಗೆ ಅಪ್ಪಟ ಉಣ್ಣೆಯ ಸ್ವೆಟರ್ ಕೊಟ್ಟೆ. ಅವಳು ಅದನ್ನು ವಾಷಿಂಗ್ ಮೆಷಿನ್‌ನಲ್ಲಿ ಬಿಸಿನೀರಿಗೆ ಹಾಕಿದಳು. ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯಂಥ ಹುರುಪೆಗಳಿರುತ್ತವೆ. ಬಿಸಿಯಲ್ಲಿ ಉಜ್ಜಾಡಿದರೆ ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದಂತೆ ಬಿಗಿದುಕೊಳ್ಳುತ್ತವೆ. ಹೊರಬಂದದ್ದು ಅವಳ ಮಗಳ ಗೊಂಬೆಗೆ ಸರಿಹೋಯಿತು. ಅಂದಿನಿಂದ ಪ್ರತಿ ಉಡುಗೊರೆಯ ಒಳಮೈಗೆ ಪಿನ್ನಿನಿಂದ ಒಂದು ಚೀಟಿ ಸಿಕ್ಕಿಸುತ್ತೇನೆ: "ತಣ್ಣೀರು. ಕೈಯಲ್ಲೇ. ಹಿಂಡಬೇಡ. ಅನುಮಾನವಿದ್ದರೆ ನನಗೆ ಫೋನ್ ಮಾಡು, ನಾನೇ ಬಂದು ಒಗೆಯುತ್ತೇನೆ."