ಕುಂಡದೊಳಗೆ ಕಲ್ಲುನೆಲ: ಮಲೆನಾಡಿನ ಮಳೆಗೆ ಕೊಳೆಯದ ಹಾಗೆ ಕಳ್ಳಿ ಬೆಳೆಸುವುದು ಹೇಗೆ?

ಹೋದ ವರ್ಷ ಪುಷ್ಯ ಮಳೆ ಹಿಡಿದಿತ್ತು. ಪಕ್ಕದ ಮನೆಯವರು ಕರೆದರು. ಮೂರು ವರ್ಷ ಸಾಕಿದ ಗೋಲ್ಡನ್ ಬ್ಯಾರೆಲ್ ಕಳ್ಳಿ ಒಂದು ಪಕ್ಕಕ್ಕೆ ವಾಲಿತ್ತು. ಬುಡಕ್ಕೆ ಕಡ್ಡಿ ಒತ್ತಿದೆ. ಹಣ್ಣಾದ ಹಲಸಿನ ಹಾಗೆ ಒಳಗೆ ಇಳಿಯಿತು, ಕಂದು ನೀರು ಬಂತು. "ಮಳೆಗೆ ಇಟ್ಟೇ ಇಲ್ಲ ಮಾರಾಯ್ತಿ, ಜಗಲಿ ಮೇಲೇ ಇತ್ತು. ನೀರು ಹಾಕಿದ್ದೂ ತಿಂಗಳಿಗೆ ಒಂದೇ ಸಲ" ಎಂದು ಬೇಜಾರು ಮಾಡಿಕೊಂಡರು. ಕುಂಡ ಬೋರಲು ಹಾಕಿದೆವು. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪಿಟ್ ಅಂದರೆ ತೆಂಗಿನ ನಾರಿನ ಪುಡಿ. ಅಡಿಯಲ್ಲಿ ಎರಡು ಇಂಚು ಜಲ್ಲಿ. ಜಲ್ಲಿ ಒಣಗಿತ್ತು. ಅದರ ಮೇಲಿನ ಮಣ್ಣನ್ನು ಹಿಂಡಿದರೆ ನೀರು ಇಳಿಯುತ್ತಿತ್ತು.

ನಮ್ಮ ಕಡೆ ಕಳ್ಳಿ ಸಾಯುವುದು ಬಹುತೇಕ ಹೀಗೇ. ತಪ್ಪು ನೀರು ಹಾಕುವವರದ್ದಲ್ಲ, ಮಣ್ಣಿನದ್ದು. ಅದಕ್ಕೇ ಈ ಲೇಖನದಲ್ಲಿ ಮಣ್ಣಿನ ಮಾತೇ ಜಾಸ್ತಿ.

ಮರುಭೂಮಿ ಅಂದರೆ ಬರೀ ಮರಳಲ್ಲ

ಕಳ್ಳಿ ಅಂದ ಕೂಡಲೇ ಮರಳಿನ ದಿಬ್ಬ ನೆನಪಾಗುತ್ತದೆ, ಅಲ್ವಾ? ಆದರೆ ಮೆಕ್ಸಿಕೊದಲ್ಲಾಗಲಿ, ಅಮೆರಿಕದ ಅರಿಜೋನಾದಲ್ಲಾಗಲಿ, ಕಳ್ಳಿಗಳು ಹೆಚ್ಚಾಗಿ ಬೆಳೆಯುವುದು ಕಲ್ಲುನೆಲದಲ್ಲಿ. ಗುಡ್ಡದ ಇಳಿಜಾರಿನಲ್ಲಿ ಬಂಡೆಯ ಮೇಲೆ ಒಂದು ಗೇಣು ಮಣ್ಣೂ ಇರುವುದಿಲ್ಲ. ಮಳೆ ಕಡಿಮೆಯಾದ್ದರಿಂದ ಬಂಡೆ ಕರಗಿ ಮಣ್ಣಾಗುವುದೇ ನಿಧಾನ. ಆದ ಅಷ್ಟಿಷ್ಟು ನುಣ್ಣನೆ ಮಣ್ಣನ್ನು ಗಾಳಿ ಹೊತ್ತೊಯ್ಯುತ್ತದೆ, ಅಪರೂಪಕ್ಕೆ ಬರುವ ರಭಸದ ಮಳೆ ಕೊಚ್ಚಿಕೊಂಡು ಹೋಗುತ್ತದೆ. ಗಿಡಗಳು ವಿರಳ, ಹಾಗಾಗಿ ಎಲೆ ಉದುರಿ ಗೊಬ್ಬರವಾಗುವುದೂ ಇಲ್ಲ. ಉಳಿಯುವುದು ಕಲ್ಲು, ಕಲ್ಲಿನ ಸಂದಿನಲ್ಲಿ ಚೂರು ಮಣ್ಣು.

ಅಂಥ ಕಡೆ ಆ ಕಲ್ಲುಗಳೇ ಗಿಡವನ್ನು ಕಾಯುತ್ತವೆ. ಬಿದ್ದ ಹನಿ ಸಂದಿನಲ್ಲಿ ಬೇಗ ಕೆಳಗಿಳಿಯುತ್ತದೆ, ಮೇಲಿನ ಕಲ್ಲು ಬಿಸಿಲಿಗೆ ಅಡ್ಡವಾಗುತ್ತದೆ. 12 ಮೀಟರ್ ಎತ್ತರ ಬೆಳೆಯುವ ಸಗ್ವಾರೊ ಕಳ್ಳಿಯ ಹೆಚ್ಚಿನ ಬೇರುಗಳು ನೆಲದಿಂದ ಸುಮಾರು 10 ಸೆಂಟಿಮೀಟರ್ ಆಳದೊಳಗೇ ಇರುತ್ತವೆ. ಆಳಕ್ಕೆ ಇಳಿಯುವ ಬದಲು ಗಿಡ ಎಷ್ಟು ಎತ್ತರವೋ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಹರಡುತ್ತವೆ. ಮಳೆ ಬಂದಾಗ ಬೇಗ ಕುಡಿಯಬೇಕು, ಆಮೇಲೆ ಒಣಗಬೇಕು. ಆ ಬೇರಿಗೆ ಗೊತ್ತಿರುವ ಬಾಳು ಅದು.

ಈಗ ನಮ್ಮ ಊರನ್ನು ಯೋಚಿಸಿ. ರಾಜಸ್ಥಾನದ ಮರುಭೂಮಿಯ ಜೈಸಲ್ಮೇರ್‌ನಲ್ಲಿ ವರ್ಷವಿಡೀ 200 ಮಿಲಿಮೀಟರ್ ಮಳೆಯೂ ಕಷ್ಟ. ಆಗುಂಬೆಯಲ್ಲಿ 7,000 ಮಿಲಿಮೀಟರ್ ದಾಟುತ್ತದೆ. ಜಿರಾಪತಿ ಮಳೆ ಹಿಡಿದರೆ ಗಾಳಿಯೇ ಒದ್ದೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದ ಜಾಗದಲ್ಲಿ ಕುಂಡದ ಮಣ್ಣು ಒಣಗುತ್ತದೆಯೇ?

ಹಂತ 1: ಕುಂಡ

ಮಣ್ಣಿನ ಕುಂಡವೇ ಆಗಬೇಕು. ಗಿಡಕ್ಕಿಂತ ಒಂದೆರಡು ಇಂಚು ಅಗಲವಿದ್ದರೆ ಸಾಕು. ತೂತು ಸಣ್ಣದಾದರೆ ಮೊಳೆ ಇಟ್ಟು ಮೆಲ್ಲಗೆ ತಟ್ಟಿ ದೊಡ್ಡದು ಮಾಡಿ. ಬಣ್ಣ ಬಳಿದ ಕುಂಡ ಬೇಡ, ಉಸಿರಾಡುವುದಿಲ್ಲ.

ಹಂತ 2: ಮಣ್ಣು

ಎಲ್ಲರೂ ಎಡವುವುದು ಇಲ್ಲೇ.

ಮೊದಲು ಅಡಿಯ ಜಲ್ಲಿಯ ವಿಷಯ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಆಗುವುದು ಉಲ್ಟಾ. ನುಣ್ಣನೆ ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ದೊಡ್ಡ ಸಂದುಗಳಿರುವ ಜಲ್ಲಿಗೆ ಸುಲಭಕ್ಕೆ ಬಿಡುವುದಿಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ಪೂರ್ತಿ ನೆನೆಸಿ ಅಡ್ಡ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಇಳಿಯುತ್ತದೆ. ಅಂದರೆ ಮಣ್ಣಿನ ಪದರ ಗಿಡ್ಡವಾದಷ್ಟೂ ಅದು ಒದ್ದೆಯಾಗೇ ಉಳಿಯುತ್ತದೆ. ಅಡಿಗೆ ಜಲ್ಲಿ ಹಾಕಿದಾಗ ನಾವು ಮಾಡುವುದು ಅದನ್ನೇ: ಮಣ್ಣಿನ ಪದರ ಗಿಡ್ಡ ಮಾಡಿ, ಒದ್ದೆ ಭಾಗವನ್ನು ಬೇರಿನ ಹತ್ತಿರಕ್ಕೆ ಎತ್ತಿ ಇಡುತ್ತೇವೆ.

ಆದ್ದರಿಂದ ಜಲ್ಲಿ ಅಡಿಯಲ್ಲಿ ಬೇಡ. ಮೇಲಿಂದ ಕೆಳಗಿನವರೆಗೂ ಬೆರೆತಿರಲಿ. ನನ್ನ ಅಳತೆ ಇದು: ಬೇಬಿ ಜಲ್ಲಿ ಐದು ಪಾಲು, ಒಡೆದ ಹಂಚಿನ ಚೂರು ಎರಡು ಪಾಲು, ದಪ್ಪ ಹೊಳೆಮರಳು ಎರಡು ಪಾಲು, ಚೆನ್ನಾಗಿ ಕಳಿತು ಒಣಗಿದ ಕೊಟ್ಟಿಗೆ ಗೊಬ್ಬರ ಒಂದೇ ಪಾಲು. ಹಳೆ ಮನೆಯ ಸೂರು ಬಿಚ್ಚಿದಲ್ಲಿ ಹಂಚಿನ ಚೂರು ಬೇಕಾದಷ್ಟು ಸಿಗುತ್ತದೆ. ಕಡಲೆಕಾಳಿನಷ್ಟು ಗಾತ್ರಕ್ಕೆ ಒಡೆಯಿರಿ.

ಬೆರೆಸುವ ಮೊದಲು ಜರಡಿ ಹಿಡಿಯಲೇಬೇಕು. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಸಾಕು. ಮರಳು, ಜಲ್ಲಿ, ಹಂಚು ಎಲ್ಲವನ್ನೂ ಅದರಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದ ಪುಡಿಯನ್ನು ಅಂಗಳಕ್ಕೆ ಚೆಲ್ಲಿ. ಮೇಲೆ ಉಳಿದದ್ದನ್ನು ಬಕೆಟ್‌ಗೆ ಹಾಕಿ ತೊಳೆಯಿರಿ. ಮೊದಲ ನೀರು ಹಾಲು ಬೆರೆಸಿದ ಟೀ ಬಣ್ಣಕ್ಕೆ ಬರುತ್ತದೆ. ಕೈ ಹಾಕಿ ತಿರುಗಿಸಿ, ಚೆಲ್ಲಿ, ಮತ್ತೆ ತುಂಬಿ. ಬಕೆಟ್ಟಿನ ತಳದ ಕಲ್ಲು ಕಣ್ಣಿಗೆ ಕಾಣುವವರೆಗೆ ತೊಳೆಯಬೇಕು. ನನಗೆ ನಾಲ್ಕೈದು ನೀರು ಹಿಡಿಯುತ್ತದೆ. ಈ ಕೆಲಸ ಬಿಟ್ಟರೆ ಪುಡಿಯೆಲ್ಲ ಸಂದುಗಳಲ್ಲಿ ಕೂತು, ಕುಂಡ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ.

ಎಂ-ಸ್ಯಾಂಡ್ ತರಬೇಡಿ, ಅದರಲ್ಲಿ ನುಣ್ಣನೆ ಪುಡಿ ಜಾಸ್ತಿ. ಜಂಬಿಟ್ಟಿಗೆ ಕಲ್ಲು ಕೊಯ್ದಲ್ಲಿ ಸಿಗುವ ಕೆಂಪು ಪುಡಿಯೂ ಬೇಡ. ನೋಡಲು ಮರುಭೂಮಿಯ ಹಾಗೆ ಚಂದ, ಆದರೆ ನೀರು ಬಿದ್ದರೆ ಜೇಡಿಯಾಗುತ್ತದೆ. ಶಿವಮೊಗ್ಗದ ಒಂದು ಅಂಗಡಿಯಲ್ಲಿ 'ಕ್ಯಾಕ್ಟಸ್ ಮಿಕ್ಸ್' ಎಂದು ಕೊಟ್ಟ ಚೀಲ ಬಿಚ್ಚಿದರೆ ಮುಕ್ಕಾಲು ಪಾಲು ಕೋಕೋಪಿಟ್ ಇತ್ತು. ಬಯಲುಸೀಮೆಯ ಒಣ ಗಾಳಿಗೆ ಅದು ನಡೆದೀತು. ಇಲ್ಲಿ ನಡೆಯುವುದಿಲ್ಲ.

ಸುಣ್ಣ ಹಾಕಬೇಕಾ ಎಂದು ತುಂಬಾ ಜನ ಕೇಳುತ್ತಾರೆ. ಮರುಭೂಮಿಯಲ್ಲಿ ಸುಣ್ಣವನ್ನು ತೊಳೆದು ಒಯ್ಯುವಷ್ಟು ಮಳೆ ಇಲ್ಲ, ಅದು ಮಣ್ಣಲ್ಲೇ ಉಳಿದು ಕೆಲವೆಡೆ ಕಲ್ಲಿನಂಥ ಪದರವೇ ಆಗುತ್ತದೆ. ನಮ್ಮಲ್ಲಿ ಮಳೆ ಎಲ್ಲವನ್ನೂ ತೊಳೆದು ಮಣ್ಣು ಹುಳಿಯಾಗಿದೆ. ವ್ಯತ್ಯಾಸ ನಿಜ. ಆದರೂ ಕುಂಡಕ್ಕೆ ಸುಣ್ಣ ಬೇಡ. ಹೆಚ್ಚಿನ ಕಳ್ಳಿಗಳು ಸ್ವಲ್ಪ ಹುಳಿ ಮಣ್ಣಿನಲ್ಲಿ ಚೆನ್ನಾಗಿಯೇ ಬೆಳೆಯುತ್ತವೆ.

ಕೊನೆಗೆ ಪರೀಕ್ಷೆ. ಗಿಡ ನೆಡದೆ ಬರೀ ಮಿಶ್ರಣ ತುಂಬಿ ಒಂದು ಚೊಂಬು ನೀರು ಸುರಿಯಿರಿ. ಮೇಲೆ ನೀರು ನಿಲ್ಲಲೇಬಾರದು. ಹತ್ತು ಎಣಿಸುವುದರೊಳಗೆ ಅಡಿಯಿಂದ ಹರಿಯಬೇಕು. ನಿಂತರೆ ಮತ್ತೆ ಜರಡಿ ಹಿಡಿಯಿರಿ, ಬೇರೆ ದಾರಿ ಇಲ್ಲ.

ಹಂತ 3: ನೆಡುವುದು

ದೀಪಾವಳಿ ಕಳೆದ ಮೇಲೆ ನೆಡಿ. ನರ್ಸರಿಯಿಂದ ತಂದ ಗಿಡದ ಬೇರಿಗೆ ಅಂಟಿದ ಕೋಕೋಪಿಟ್ ಉಂಡೆಯನ್ನು ಪೂರ್ತಿ ಬಿಡಿಸಿ. ಹಾಗೇ ನೆಟ್ಟರೆ ಕಲ್ಲಿನ ನಡುವೆ ಒದ್ದೆ ಬಟ್ಟೆ ಹೂತಿಟ್ಟ ಹಾಗೆ. ಕೊಳೆತ ಬೇರು ಕತ್ತರಿಸಿ, ಗಿಡವನ್ನು ನೆರಳಲ್ಲಿ ಒಂದು ವಾರ ಒಣಗಲು ಬಿಡಿ. ನೆಟ್ಟ ಮೇಲೂ ಒಂದು ವಾರ ನೀರು ಬೇಡ. ಮುಳ್ಳಿಗೆ ಹಳೆ ಪೇಪರ್ ಮಡಚಿ ಸುತ್ತಿಕೊಳ್ಳಿ. ಬುಡದ ಸುತ್ತ ಅರ್ಧ ಇಂಚು ಜಲ್ಲಿ ಹರಡಿ, ಕಾಂಡದ ಕುತ್ತಿಗೆ ಒಣಗಿರುತ್ತದೆ.

ಹಂತ 4: ನೀರು

ತೆಂಗಿನ ಹಿಡಿಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿ ತಣ್ಣಗಿದ್ದರೆ ನೀರು ಬೇಡ. ಪೂರ್ತಿ ಒಣಗಿದ್ದರೆ ಅಡಿಯಿಂದ ಹರಿಯುವಷ್ಟು ಹಾಕಿ.

ಹಂತ 5: ಮಳೆಗಾಲ

ಮೃಗಶಿರ ಮಳೆಗೆ ಮುಂಚೆಯೇ ಗಿಡಗಳು ಸೂರಿನಡಿಗೆ ಬರಬೇಕು. ಜಗಲಿ ಸಾಲದು, ಇರಚಲು ಒಳಗೆ ಬರುತ್ತದೆ, ಬೆಳಕೂ ಕಮ್ಮಿ. ಬೆಳಕು ಬಿಡುವ ಫೈಬರ್ ಶೀಟಿನ ಕೆಳಗೆ, ನೆಲದಿಂದ ಎತ್ತರಕ್ಕೆ, ನಾಲ್ಕೂ ಕಡೆ ಗಾಳಿಯಾಡುವಂತೆ ಇಡಿ. ಕುಂಡದ ಅಡಿಗೆ ತಟ್ಟೆ ಇದ್ದರೆ ತೆಗೆದುಬಿಡಿ. ಆರಿದ್ರಾದಿಂದ ಆಶ್ಲೇಷದವರೆಗೆ ನಾನು ಒಂದು ಹನಿಯೂ ಹಾಕುವುದಿಲ್ಲ. ಕಳ್ಳಿ ಸ್ವಲ್ಪ ಸೊರಗುತ್ತದೆ, ಸುಕ್ಕಾಗುತ್ತದೆ. ಆಗ ಕನಿಕರಪಟ್ಟು ನೀರು ಹಾಕಬೇಡಿ.

ವಾರಕ್ಕೊಮ್ಮೆ ಬುಡ ಮುಟ್ಟಿ ನೋಡಿ. ಎಲ್ಲಾದರೂ ಮೆತ್ತಗಾಗಿದ್ದರೆ ಆ ದಿನವೇ ಚಾಕು ತೆಗೆದುಕೊಳ್ಳಿ. ಕಂದು ಗೆರೆ ಒಂದೂ ಕಾಣದ ಹಸಿರು ತಿರುಳು ಸಿಗುವವರೆಗೆ ಮೇಲೆ ಮೇಲೆ ಕತ್ತರಿಸುತ್ತಾ ಹೋಗಿ, ಪ್ರತಿ ಸಲ ಚಾಕು ಒರೆಸಿ. ಉಳಿದ ತುಂಡನ್ನು ಒಲೆಯ ಹತ್ತಿರ ಬೆಚ್ಚನೆ ಜಾಗದಲ್ಲಿ ಎರಡು ವಾರ ಒಣಗಿಸಿದರೆ ಎಷ್ಟೋ ಸಲ ಮತ್ತೆ ಬೇರು ಬಿಡುತ್ತದೆ.

ಮಳೆ ಬಿಟ್ಟ ಮೇಲೆ ಒಮ್ಮೆಲೇ ಬಿಸಿಲಿಗೆ ಇಡಬೇಡಿ, ಸುಟ್ಟ ಕಲೆ ಬಿದ್ದರೆ ಹೋಗುವುದಿಲ್ಲ. ಮೊದಲ ವಾರ ಬೆಳಗಿನ ಬಿಸಿಲು ಮಾತ್ರ, ಎರಡನೇ ವಾರ ಮಧ್ಯಾಹ್ನದವರೆಗೆ. ಆಮೇಲೆ ಮೊದಲ ನೀರು.